ಐರಿಷ್ ಸ್ಟ್ಯೂ: ಬಡವರ ಪಾತ್ರೆಯ ಪ್ರಶ್ನೆ

ಐರಿಷ್ ಸ್ಟ್ಯೂ ಬಗ್ಗೆ ಬರೆಯುವವರು ಎರಡು ಮಾತನ್ನು ತಪ್ಪದೆ ಹೇಳುತ್ತಾರೆ: ಅದು ಪುರಾತನ ಅಡುಗೆ, ಅದು ಬಡ ರೈತರ ಊಟ. ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು ಇವಿಷ್ಟೇ ಒಂದೇ ಪಾತ್ರೆಯಲ್ಲಿ ಬೇಯುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಸಾಮಾನುಗಳನ್ನು ತೂಗಿ ನೋಡಿದರೆ ಎರಡೂ ಮಾತು ಪೂರ್ತಿ ನಿಲ್ಲುವುದಿಲ್ಲ.

ಮಾಂಸ ಬೇಯಿಸುವ ಪದ್ಧತಿಯೇನೋ ಹಳೆಯದೇ. ಐರ್ಲೆಂಡಿನ ಉದ್ದಗಲಕ್ಕೂ 'ಫುಲಾಖ್ಟ್ ಫಿಯಾ' ಎಂಬ, ಹೆಚ್ಚಾಗಿ ಕಂಚಿನ ಯುಗಕ್ಕೆ ಸೇರಿದ ಕುಳಿಗಳು ಸಿಕ್ಕಿವೆ. ನೀರು ತುಂಬಿದ ಕುಳಿಗೆ ಕಾದ ಕಲ್ಲು ಹಾಕಿ ಕುದಿಸುವ ಕ್ರಮವದು. ಪುರಾತತ್ವಜ್ಞ ಎಂ. ಜೆ. ಓ'ಕೆಲ್ಲಿ 1950ರ ದಶಕದಲ್ಲಿ ಕಾರ್ಕ್ ಕೌಂಟಿಯ ಬ್ಯಾಲಿವೊರ್ನಿಯಲ್ಲಿ ಇದನ್ನು ಮಾಡಿಯೇ ನೋಡಿದರು. ಸುಮಾರು 450 ಲೀಟರ್ ನೀರು ಅರ್ಧ ಗಂಟೆ ಚಿಲ್ಲರೆಯಲ್ಲಿ ಕುದಿಯಿತು. ಒಣಹುಲ್ಲು ಸುತ್ತಿದ ನಾಲ್ಕೂವರೆ ಕಿಲೋ ಕುರಿತೊಡೆ 3 ಗಂಟೆ 40 ನಿಮಿಷದಲ್ಲಿ ಹದವಾಗಿ ಬೆಂದಿತು. ಈ ಕುಳಿಗಳೆಲ್ಲ ಅಡುಗೆಗೇ ಇದ್ದವೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ, ಅದಿರಲಿ. ಆದರೆ ಸ್ಟ್ಯೂಗೆ ಮೈ ಕೊಡುವ ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಅದು ಐರ್ಲೆಂಡ್ ತಲುಪಿದ್ದು 16ನೆಯ ಶತಮಾನದ ಕೊನೆಯ ಹೊತ್ತಿಗೆ. ಅಲ್ಲಿಗೆ ಪುರಾತನತೆಯ ಮಾತು ಮುಗಿಯಿತು.

ಬಡತನದ ಮಾತು ಇನ್ನೂ ತೊಡಕಿನದು. 1845ರಲ್ಲಿ ಐರ್ಲೆಂಡಿನಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮಕ್ಕೆ ಮುಂಚೆ ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ, ನಂಚಿಕೊಳ್ಳಲು ಮಜ್ಜಿಗೆ. ಕುರಿ ಸಾಕುತ್ತಿದ್ದದ್ದು ಉಣ್ಣೆಗೆ, ಹಾಲಿಗೆ. ಪಾತ್ರೆಗೆ ಬಿದ್ದರೆ ಬೀಳುತ್ತಿದ್ದದ್ದು ವಯಸ್ಸಾದ ಕುರಿ. ಆ ಗಟ್ಟಿ ಮಾಂಸಕ್ಕೆ ಸಣ್ಣ ಉರಿಯೂ ತಾಸುಗಟ್ಟಲೆ ಸಮಯವೂ ಬೇಕು. ಆದರೆ ತುಂಡು ಭೂಮಿಯ ಕೂಲಿಯವನಿಗೆ ಅಂಥ ಕುರಿಯಾದರೂ ಎಷ್ಟು ದಿನ ದಕ್ಕೀತು? 'ಐರಿಷ್ ಸ್ಟ್ಯೂ' ಎಂಬ ಹೆಸರಿನ ಹಳೆಯ ದಾಖಲೆಯೊಂದು ಕೂಡ ಐರಿಷ್ ರೈತನ ಮನೆಯದಲ್ಲ. ಇಂಗ್ಲಿಷ್ ಕವಿ ಬೈರನ್ 1813ರಲ್ಲಿ ಬರೆದ 'ದ ಡೆವಿಲ್ಸ್ ಡ್ರೈವ್'ನಲ್ಲಿ ಅದು ಕಾಣಿಸುತ್ತದೆ.

ಎರಡು ಪಾಕವಿಧಿಗಳನ್ನು ಅಕ್ಕಪಕ್ಕ ಇಟ್ಟರೆ ಅಂತರ ಕಣ್ಣಿಗೆ ಹೊಡೆಯುತ್ತದೆ. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಫ್ರೆಂಚ್ ಬಾಣಸಿಗ ಅಲೆಕ್ಸಿಸ್ ಸೊಯೆ 1847ರಲ್ಲಿ ಡಬ್ಲಿನ್‌ನಲ್ಲಿ ಹಸಿದವರಿಗಾಗಿ ಗಂಜಿಕೇಂದ್ರ ತೆರೆದ. ನೂರು ಜನ ಒಟ್ಟಿಗೆ ಕೂರಬೇಕು, ಸರಪಳಿ ಬಿಗಿದ ಚಮಚದಲ್ಲಿ ಕುಡಿಯಬೇಕು, ಗಂಟೆ ಬಾರಿಸಿದೊಡನೆ ಏಳಬೇಕು. ಅವನ ಮೊದಲ ಸೂಪಿನ ಲೆಕ್ಕ: ಸುಮಾರು 9 ಲೀಟರ್ ನೀರಿಗೆ 113 ಗ್ರಾಂ ದನದ ಮಾಂಸ, ಜೊತೆಗೆ ಹಿಟ್ಟು, ಬಾರ್ಲಿ, ಒಂದಿಷ್ಟು ತರಕಾರಿ. ಹದಿನಾಲ್ಕು ವರ್ಷದ ಬಳಿಕ, 1861ರಲ್ಲಿ, ಲೇಖಕಿ ಇಸಬೆಲಾ ಬೀಟನ್ ಇಂಗ್ಲೆಂಡಿನ ಮಧ್ಯಮ ವರ್ಗದ ಗೃಹಿಣಿಯರಿಗೆ ಕೊಟ್ಟ ಐರಿಷ್ ಸ್ಟ್ಯೂ ಅಳತೆ: ಸುಮಾರು 1.36 ಕಿಲೋ ಕುರಿಮಾಂಸ, 2.27 ಕಿಲೋ ಆಲೂಗಡ್ಡೆ, ಐದು ದೊಡ್ಡ ಈರುಳ್ಳಿ, ನೀರು ಮಾತ್ರ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಉಣ್ಣುವವರು ಐದಾರು ಮಂದಿ. 'ಐರಿಷ್' ಎಂಬ ಹೆಸರು ಹೊತ್ತದ್ದು ಈ ಎರಡನೆಯ ಪಾತ್ರೆ. ಐರ್ಲೆಂಡಿನ ಬಡವರ ಮುಂದೆ ಬಂದದ್ದು ಮೊದಲನೆಯದು.

ಕ್ಯಾರೆಟ್ ಹಾಕಬೇಕೋ ಬೇಡವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಬೀಟನ್ ಪಟ್ಟಿಯಲ್ಲಂತೂ ಇಲ್ಲ. ಮನೆಯಲ್ಲಿ ಮಾಡುವವರಿಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು ಆಕೆಯ ಕ್ರಮ. ತಳಕ್ಕೊಂದು ಪದರ ಆಲೂಗಡ್ಡೆ, ಅದರ ಮೇಲೆ ಮಾಂಸ ಮತ್ತು ಈರುಳ್ಳಿ, ಹೀಗೇ ಜೋಡಿಸುತ್ತ ಮೇಲ್ಪದರಕ್ಕೆ ತರಕಾರಿ. ನೀರು ಸಾಲದೇನೋ ಎನಿಸಿದರೂ ಮುಚ್ಚಳದೊಳಗೆ ಈರುಳ್ಳಿಯೇ ನೀರು ಬಿಡುತ್ತದೆ. ಹಿಟ್ಟುಹಿಟ್ಟಾದ ಆಲೂಗಡ್ಡೆ ಅಂಚಿನಲ್ಲಿ ಕರಗಿ ರಸವನ್ನು ಮಂದ ಮಾಡುವುದರಿಂದ ಬೇರೆ ಹಿಟ್ಟು ಬೇಡ. ಎರಡೂವರೆ ಗಂಟೆ ಸಣ್ಣ ಉರಿ. ಮುಚ್ಚಳ ತೆಗೆಯುವ ಹಾಗಿಲ್ಲ. ತಳ ಹಿಡಿಯದಂತೆ ಪಾತ್ರೆಯನ್ನೇ ಆಗಾಗ ಹಿಡಿದು ಕುಲುಕಬೇಕು.