ಹೂಡಿಕೆಯ ಮುನ್ನಂದಾಜು: ಹಿಂಚಲನೆ ಮಾದರಿ ಕುರಿತು ಅರ್ಜಿದಾರರಿಗೆ ಮಾಹಿತಿ

ಉದ್ದಿಮೆ ಸ್ಥಾಪನೆಗೆ ಸಾಲ ಅಥವಾ ಸಹಾಯಧನ ಕೋರುವ ಯೋಜನಾ ವರದಿಗಳಲ್ಲಿ ಹಿಂಚಲನೆ (ರಿಗ್ರೆಷನ್) ಮಾದರಿಯ ಮುನ್ನಂದಾಜುಗಳನ್ನು ಬಳಸುವುದುಂಟು. ಅಂದಾಜು ತಪ್ಪಿದರೂ ಸಾಲ ಮರುಪಾವತಿಯ ಹೊಣೆ ಸಾಲ ಪಡೆದವರದೇ ಆಗಿರುವುದರಿಂದ, ಸದರಿ ಮಾದರಿಯ ಅರ್ಥ ಹಾಗೂ ಮಿತಿಗಳನ್ನು ಅರ್ಜಿದಾರರು ಅರಿತಿರುವುದು ಸೂಕ್ತ.

1. ಮಾದರಿಯ ಸ್ವರೂಪ

ಇದರಲ್ಲಿ ಹೂಡಿಕೆಯು ಅವಲಂಬಿತ ಚರ. ಬಡ್ಡಿ ದರ, ಒಟ್ಟು ದೇಶೀಯ ಉತ್ಪನ್ನದ ಬೆಳವಣಿಗೆ, ಹಣದುಬ್ಬರ ಮುಂತಾದವು ಸ್ವತಂತ್ರ ಚರಗಳು. ಹಿಂದಿನ ವರ್ಷಗಳ ಅಂಕಿಅಂಶಗಳಿಂದ ಪ್ರತಿ ಚರಕ್ಕೂ ಒಂದು ಗುಣಾಂಕವನ್ನು ಲೆಕ್ಕ ಹಾಕಲಾಗುತ್ತದೆ. ಉದಾಹರಣೆಗೆ, ಹೂಡಿಕೆಯ ಬೆಳವಣಿಗೆ ದರವನ್ನು ಅಂದಾಜಿಸುವ ಮಾದರಿಯಲ್ಲಿ ಬಡ್ಡಿ ದರದ ಗುಣಾಂಕವು ಋಣ 2 ಎಂದಿದ್ದಲ್ಲಿ, ಮಾದರಿಯಲ್ಲಿನ ಇತರ ಚರಗಳು ಬದಲಾಗದೆ ಬಡ್ಡಿಯು ಶೇ. 8ರಿಂದ ಶೇ. 9ಕ್ಕೆ ಏರಿದಾಗ, ಬೆಳವಣಿಗೆಯು ಶೇ. 7ರಿಂದ ಸರಾಸರಿ ಶೇ. 5ಕ್ಕೆ ಇಳಿಯುವುದೆಂದು ಅರ್ಥ.

2. ಮಾದರಿಯ ಮಿತಿ

ಭಾರತೀಯ ರಿಸರ್ವ್ ಬ್ಯಾಂಕು 2020ರ ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ರೆಪೊ ದರವನ್ನು ಶೇ. 5.15ರಿಂದ ಶೇ. 4ಕ್ಕೆ ಇಳಿಸಿತು. ಆದಾಗ್ಯೂ ಕೋವಿಡ್ ಹಾಗೂ ಲಾಕ್‌ಡೌನ್ ಕಾರಣ 2020-21ರಲ್ಲಿ ದೇಶದ ಸ್ಥಿರ ಬಂಡವಾಳ ಹೂಡಿಕೆ ಕುಸಿಯಿತು. ತದ್ವಿರುದ್ಧವಾಗಿ, 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯವರೆಗೆ ದರವು ಶೇ. 6.50ಕ್ಕೆ ಏರಿದರೂ 2022-23ರಲ್ಲಿ ಹೂಡಿಕೆ ಹೆಚ್ಚಿತು. ಬೇಡಿಕೆಯ ಚೇತರಿಕೆ ಹಾಗೂ ಸರ್ಕಾರದ ಬಂಡವಾಳ ವೆಚ್ಚ ಇದಕ್ಕೆ ಪೂರಕವಾಗಿದ್ದವು. ಈ ಚರಗಳನ್ನು ಕೈಬಿಟ್ಟು ಬಡ್ಡಿ ದರವನ್ನಷ್ಟೇ ಪರಿಗಣಿಸಿದ ಮಾದರಿಯು, ಬಡ್ಡಿ ಏರಿದರೆ ಹೂಡಿಕೆಯೂ ಏರುವುದೆಂಬ ತಪ್ಪು ಫಲಿತಾಂಶ ನೀಡಬಹುದು. ಎರಡು ಚರಗಳು ಒಟ್ಟಿಗೆ ಬದಲಾದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಭಾವಿಸತಕ್ಕದ್ದಲ್ಲ.

3. ಪರಿಶೀಲಿಸಬೇಕಾದ ಅಂಶಗಳು

ಯೋಜನಾ ವರದಿಗೆ ಸಹಿ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ವರದಿ ಸಿದ್ಧಪಡಿಸಿದವರಿಂದ ಕೇಳಿ ತಿಳಿಯುವುದು:

ಅ) ಎಷ್ಟು ವರ್ಷಗಳ ಅಂಕಿಅಂಶ ಬಳಸಲಾಗಿದೆ? ಐದಾರು ವರ್ಷಗಳ ಮಾಹಿತಿಯಿಂದ ಹಲವು ಚರಗಳ ಗುಣಾಂಕ ಪಡೆದಿದ್ದಲ್ಲಿ ಅದು ವಿಶ್ವಾಸಾರ್ಹವಲ್ಲ.

ಆ) ಮೌಲ್ಯಗಳು ಸ್ಥಿರ ಬೆಲೆಯಲ್ಲಿವೆಯೇ? ಚಾಲ್ತಿ ಬೆಲೆಯಲ್ಲಿದ್ದರೆ ಬೆಲೆ ಏರಿಕೆಯೇ ಬೆಳವಣಿಗೆಯಂತೆ ತೋರುವ ಸಂಭವವಿದೆ.

ಇ) ಅಂದಾಜಿನ ಕನಿಷ್ಠ ಹಾಗೂ ಗರಿಷ್ಠ ಮಿತಿಗಳನ್ನು ನೀಡಲಾಗಿದೆಯೇ? ಒಂದೇ ಸಂಖ್ಯೆಯನ್ನು ಖಚಿತವೆಂದು ನಂಬತಕ್ಕದ್ದಲ್ಲ.

ಈ) ಕನಿಷ್ಠ ಮಿತಿಯಷ್ಟೇ ವಹಿವಾಟು ನಡೆದಲ್ಲಿ ಸಾಲದ ಕಂತು ಪಾವತಿಸಲು ಸಾಧ್ಯವೇ?

ಕೊನೆಯ ಪ್ರಶ್ನೆಗೆ ಉತ್ತರ ಇಲ್ಲವೆಂದಾದಲ್ಲಿ, ಅರ್ಜಿ ಸಲ್ಲಿಸುವ ಮೊದಲೇ ಸಾಲದ ಮೊತ್ತವನ್ನು ಅಥವಾ ಮರುಪಾವತಿ ಅವಧಿಯನ್ನು ಮರುಪರಿಶೀಲಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಒಳಿತು.