ಅಡಿಕೆ ನಡುಗಡ್ಡೆಯ ಗುಡಿ-ಪಗೋಡಗಳು

ಮಲಯ ಭಾಷೆಯಲ್ಲಿ ‘ಪಿನಾಂಗ್’ ಎಂದರೆ ಅಡಿಕೆ, ‘ಪುಲಾವ್’ ಎಂದರೆ ದ್ವೀಪ. ಪುಲಾವ್ ಪಿನಾಂಗ್ ಎಂಬ ಹೆಸರನ್ನು ಕನ್ನಡಿಸಿದರೆ ‘ಅಡಿಕೆ ನಡುಗಡ್ಡೆ’ ಎಂದಾಗುತ್ತದೆ. ಅಲ್ಲಿನ ಬಾವುಟದ ಮೇಲೂ ಒಂದು ಅಡಿಕೆ ಮರ ನಿಂತಿದೆ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ನಮ್ಮ ಸಂಘದ ಸದಸ್ಯರು ಈ ಒಂದು ಕಾರಣಕ್ಕಾದರೂ ಆ ದ್ವೀಪದ ಮೇಲೆ ಸ್ವಲ್ಪ ಅಭಿಮಾನ ಇಟ್ಟುಕೊಳ್ಳಬೇಕು! ಸಿಂಗಪುರದಿಂದ ವಿಮಾನದಲ್ಲಿ ಒಂದೂವರೆ ಗಂಟೆಯ ಹಾದಿ. ಶಾಲೆಗೆ ರಜೆ ಬಂದೊಡನೆ ನಮ್ಮಲ್ಲಿ ಅನೇಕರು ಸಮುದ್ರ ತೀರಕ್ಕೆಂದು ಹೋಗಿ ಬರುತ್ತಾರೆ. ಊರಿನಿಂದ ಬಂದಿದ್ದ ತಾಯಿಯವರನ್ನು ಕರೆದುಕೊಂಡು ನಾವೂ ಹಾಗೆಯೇ ಹೊರಟೆವು. ಆದರೆ ತಾಯಿಯವರಿಗೆ ಮರಳಿಗಿಂತ ದೇವಸ್ಥಾನ ಪ್ರಿಯ. ಹೀಗಾಗಿ ಸಮುದ್ರ ಸ್ನಾನ ಒಂದೇ ದಿನಕ್ಕೆ ಮುಗಿದು, ಉಳಿದ ಮೂರು ದಿನ ಗುಡಿಯಿಂದ ಪಗೋಡಕ್ಕೆ, ಪಗೋಡದಿಂದ ಗುಡಿಗೆ ತಿರುಗಾಟವಾಯಿತು.

‘ಪಗೋಡ’ ಎಂಬ ಪದವನ್ನು ನಾವೀಗ ಚೀನಾ, ಬರ್ಮಾಗಳಿಗೆ ಬಿಟ್ಟುಕೊಟ್ಟಿದ್ದೇವೆ. ಹಿಂದೆ ಹಾಗಿರಲಿಲ್ಲ. ಪೋರ್ಚುಗೀಸರೂ ಅವರ ಹಿಂದೆ ಬಂದ ಇತರ ಐರೋಪ್ಯರೂ ದಕ್ಷಿಣ ಭಾರತದ ಹಿಂದೂ ದೇವಾಲಯಗಳನ್ನೇ ಪಗೋಡ ಎಂದು ಕರೆಯುತ್ತಿದ್ದರು. ಮಹಾಬಲಿಪುರಕ್ಕೆ ‘ಏಳು ಪಗೋಡಗಳು’ ಎಂಬುದು ಅವರಿಟ್ಟ ಹೆಸರು. ಇನ್ನೂ ಸ್ವಾರಸ್ಯವೆಂದರೆ ವಿಜಯನಗರದ ವರಹಕ್ಕೂ ಅವರು ಪಗೋಡ ಎಂದೇ ಹೇಳಿದರು. ಇಕ್ಕೇರಿಯ ನಾಯಕರ ಕಾಲದಲ್ಲಿ, ಹೈದರಾಲಿಯ ಕಾಲದಲ್ಲಿ ಟಂಕಿಸಿದ ಚಿನ್ನದ ನಾಣ್ಯಗಳೂ ಇಂಗ್ಲಿಷರ ಲೆಕ್ಕದ ಪುಸ್ತಕದಲ್ಲಿ ಪಗೋಡಗಳೇ. ಇಂಡಿಯಾಕ್ಕೆ ಬಂದು ಬೇಗ ಹಣ ಮಾಡಿಕೊಂಡು ಹೋಗುವುದಕ್ಕೆ ಕಂಪನಿ ನೌಕರರು ‘ಪಗೋಡ ಮರ ಅಲುಗಿಸುವುದು’ ಎನ್ನುತ್ತಿದ್ದರಂತೆ. ಪದದ ಮೂಲ ‘ಭಗವತಿ’ ಎಂದು ಕೆಲವರು, ‘ಧಾತುಗರ್ಭ’ದಿಂದ ಬಂದ ಸಿಂಹಳದ ‘ದಾಗಬ’ ಎಂದು ಕೆಲವರು, ಪಾರಸಿಯ ‘ಬುತ್‌ಕದಾ’ ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಮರ ಅಲುಗಿಸಲೆಂದೇ ಊರು ಬಿಟ್ಟು ಬಂದ ನಮ್ಮಂಥವರು ಈ ಮಾತಿಗೆ ನಕ್ಕು ಸುಮ್ಮನಾಗುವುದು ಒಳ್ಳೆಯದು.

ಪಿನಾಂಗಿನ ಇತಿಹಾಸವೂ ಅದೇ ಮರ ಅಲುಗಿಸುವವರಿಂದ ಆರಂಭವಾಗುತ್ತದೆ. 1786ರ ಆಗಸ್ಟ್ 11ರಂದು ಫ್ರಾನ್ಸಿಸ್ ಲೈಟ್ ಎಂಬ ವರ್ತಕ ಕಪ್ತಾನ ಈಸ್ಟ್ ಇಂಡಿಯಾ ಕಂಪನಿಯ ಹೆಸರಿನಲ್ಲಿ ಇಲ್ಲಿ ಬಾವುಟ ನೆಟ್ಟ. ದ್ವೀಪ ಕೆಡಾ ಸುಲ್ತಾನರದು. ಸಿಯಾಮಿನವರಿಂದ ರಕ್ಷಣೆ ಸಿಗುತ್ತದೆಂಬ ಆಸೆಯಿಂದ ಸುಲ್ತಾನರು ಒಪ್ಪಿದ್ದರು. ಆ ರಕ್ಷಣೆ ಎಂದೂ ಬರಲಿಲ್ಲ, ದ್ವೀಪ ಮಾತ್ರ ಹೋಯಿತು. ಲೈಟ್ ಊರಿಗೆ ಮೂರನೆಯ ಜಾರ್ಜ್ ದೊರೆಯ ಹೆಸರಿಟ್ಟು ಜಾರ್ಜ್‌ಟೌನ್ ಎಂದ. ಬಂದವರು ಕಾಡು ಕಡಿದಷ್ಟು ನೆಲ ಅವರದೇ ಎಂದು ಸಾರಿದ. ಚೀನೀಯರು, ಚೂಲಿಯರೆಂಬ ತಮಿಳು ಮುಸಲ್ಮಾನರು, ಬರ್ಮೀಯರು, ಸಿಯಾಮಿಗಳು, ಅರಬರು, ಆರ್ಮೇನಿಯನ್ನರು ಎಲ್ಲರೂ ಬಂದರು.

ಇಲ್ಲಿ ನಮ್ಮ ನಾಡಿನ ಒಂದು ಎಳೆ ಅನಿರೀಕ್ಷಿತವಾಗಿ ಸಿಗುತ್ತದೆ. 1797ರಲ್ಲಿ ಮನಿಲಾದ ಮೇಲೆ ದಂಡೆತ್ತಿ ಹೊರಟ ಇಂಗ್ಲಿಷ್ ಸೇನೆ ಪಿನಾಂಗಿನವರೆಗೆ ಬಂದು ಹಿಂದಿರುಗಿತು. ಅದನ್ನು ವಾಪಸು ಕರೆಸಿಕೊಳ್ಳಲು ಮೈಸೂರಿನ ಟಿಪ್ಪುವಿನ ಭಯವೂ ಒಂದು ಕಾರಣ. ಆ ಸೇನೆಯಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಎರಡು ವರ್ಷಗಳ ನಂತರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಪಿನಾಂಗಿನ ಎದುರು ದಡದ ಭೂಮಿಯನ್ನು ಕಂಪನಿ ಪಡೆದುಕೊಂಡು ಅದಕ್ಕೆ ಆರ್ಥರನ ಅಣ್ಣ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರಿಟ್ಟಿತು. ನಮ್ಮಲ್ಲಿ ಟಿಪ್ಪುವನ್ನು ಮುಗಿಸಿದ ಮನೆತನದ ಹೆಸರು ಇಲ್ಲಿ ಒಂದೂವರೆ ಶತಮಾನ ಒಂದು ಸೀಮೆಯ ಹೆಸರಾಗಿತ್ತು. ಇಂದು ಅದನ್ನು ಸೆಬೆರಾಂಗ್ ಪೆರಾಯಿ ಎನ್ನುತ್ತಾರೆ.

ಜಾರ್ಜ್‌ಟೌನಿನ ಹಳೆಯ ಪಿಟ್ ಬೀದಿಯಲ್ಲಿ ಒಂದು ಬೆಳಗ್ಗೆ ನಡೆದರೆ ಆ ಮೊದಲ ತಲೆಮಾರಿನ ದೇವರುಗಳೆಲ್ಲ ಸಾಲಾಗಿ ಸಿಗುತ್ತಾರೆ. 1800ರ ಸುಮಾರಿಗೆ ಚೀನೀಯರು ಕಟ್ಟಿದ ಕರುಣಾದೇವಿ ಕುಆನ್ ಯಿನ್ ಗುಡಿ. 1801ರಲ್ಲಿ ತಮಿಳು ಕರಾವಳಿಯ ಪರಂಗಿಪೇಟೆಯಿಂದ ಬಂದ ಕಾದರ್ ಮೊಹಿದೀನ್ ಸ್ಥಾಪಿಸಿದ ಕಪಿತಾನ್ ಕೆಲಿಂಗ್ ಮಸೀದಿ. 1818ರಲ್ಲಿ ಮುಗಿದ ಸಂತ ಜಾರ್ಜರ ಚರ್ಚು. (‘ಕೆಲಿಂಗ್’ ಎಂಬುದು ಕಳಿಂಗದಿಂದ ಬಂದ ಶಬ್ದ. ಹಿಂದೆ ಭಾರತೀಯರಿಗೆ ಗೌರವದ ಹೆಸರೇ ಆಗಿತ್ತು, ಈಗ ಬೈಗುಳವಾಗಿದೆ.) ಬಿಳಿಯ ಕಂಬಗಳ ಆ ಚರ್ಚನ್ನು ಕಟ್ಟಿದ ಕೈಗಳು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳದು. ಕಂಪನಿ ಸರಕಾರ ಪಿನಾಂಗಿಗೆ ಕೈದಿಗಳನ್ನು ಹಡಗುಗಟ್ಟಲೆ ಕಳುಹಿಸುತ್ತಿತ್ತು. ರಸ್ತೆ ಹಾಕಿದವರು, ಜೌಗು ತುಂಬಿದವರು ಅವರೇ. ಕಟ್ಟಿದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ಅಲ್ಲೇ ಪಕ್ಕದ ಕ್ವೀನ್ ಬೀದಿಯಲ್ಲಿ ಶ್ರೀ ಮಹಾಮಾರಿಯಮ್ಮನ ಗುಡಿ. ದ್ವೀಪದ ಅತ್ಯಂತ ಹಳೆಯ ಹಿಂದೂ ದೇವಾಲಯ ಇದು. ಜಾಗ ದೊರೆತದ್ದು 1801ರಲ್ಲಿ, ಗುಡಿ ಎದ್ದದ್ದು 1833ರಲ್ಲಿ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕೂಲಿಗಳು, ಸುತ್ತಲಿನ ಅಂಗಡಿಕಾರರು ಇದರ ಭಕ್ತರು. ಗೋಪುರ ದೊಡ್ಡದೇನಲ್ಲ, ಬೀದಿಯ ಎರಡು ಕಡೆಯ ಮಳಿಗೆಗಳ ನಡುವೆ ಬಣ್ಣಬಣ್ಣವಾಗಿ ಇಣುಕಿದಂತಿದೆ. ನವರಾತ್ರಿಯಲ್ಲಿ ದೇವಿಯನ್ನು ರಥದಲ್ಲಿ ಕೂರಿಸಿ ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಾರೆ. ನಮ್ಮ ತಾಯಿಯವರು ಗರ್ಭಗುಡಿಯ ಮುಂದೆ ನಿಂತವರು ಬಹಳ ಹೊತ್ತು ಕದಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇವಳು ನಮ್ಮೂರ ಮಾರಮ್ಮನೇ ಕಣೋ. ಇಷ್ಟು ದೂರ ಯಾರ ಜೊತೆ ಬಂದ್ಲೋ” ಎಂದರು. ಪ್ರಶ್ನೆ ಸಣ್ಣದಲ್ಲ. ಶಾಸ್ತ್ರ ಓದಿದ ದೇವರುಗಳಿಗಿಂತ ಮೊದಲು ಹಡಗು ಹತ್ತಿದವಳು ಈ ಮಾರಮ್ಮ. ಸಿಡುಬು, ಕಾಲರಾ, ಕಾಡುಜ್ವರಗಳ ನಡುವೆ ದುಡಿಯುವವರಿಗೆ ಬೇಕಾಗಿದ್ದವಳೂ ಅವಳೇ.

ಪುಲಾವ್ ತಿಕೂಸ್ ಎಂಬ ಬಡಾವಣೆಗೆ ಹೋದರೆ ಬೀದಿಯ ಈ ಬದಿಗೆ ಬರ್ಮೀಯರ ಧಮ್ಮಿಕಾರಾಮ, ಆ ಬದಿಗೆ ಥಾಯ್ ಜನರ ವಾಟ್ ಚಾಯಮಂಗಳಾರಾಮ. ಧಮ್ಮಿಕಾರಾಮದ ಸ್ಥಾಪನೆ 1803ರಲ್ಲಿ, ಸ್ತೂಪ 1805ರದು. ದ್ವೀಪದ ಮೊದಲ ಬೌದ್ಧ ದೇವಾಲಯವೆಂಬ ಹೆಮ್ಮೆ ಇದರದು. ನೆಲ ದಾನ ಕೊಟ್ಟವಳು ನೋನ್ಯಾ ಬೆತೋಂಗ್ ಎಂಬ ಹೆಂಗಸು. ಬರ್ಮಾ ಮತ್ತು ಸಿಯಾಮಿನ ಅರಸರು ತಮ್ಮ ತಮ್ಮ ನಾಡಿನಲ್ಲಿ ಒಬ್ಬರನ್ನೊಬ್ಬರು ಇರಿದುಕೊಳ್ಳುತ್ತಿದ್ದ ಕಾಲ ಅದು. 1767ರಲ್ಲಿ ಬರ್ಮೀಯರು ಸಿಯಾಮಿನ ರಾಜಧಾನಿ ಅಯುತ್ತಯವನ್ನು ಸುಟ್ಟು ನೆಲಸಮ ಮಾಡಿ ನಲವತ್ತು ವರ್ಷವೂ ಆಗಿರಲಿಲ್ಲ. ಅದೇ ಎರಡು ದೇಶಗಳ ಜನ ಇಲ್ಲಿ ಎದುರುಬದುರು ಮನೆ ಮಾಡಿಕೊಂಡರು. 1845ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಗವರ್ನರ್ ಬಟರ್‌ವರ್ತ್ ಬರ್ಮೀ ಮತ್ತು ಸಿಯಾಮೀ ಸಮುದಾಯಗಳಿಗೆ ಭೂಮಿ ಕೊಟ್ಟಾಗ ದಾನಪತ್ರದಲ್ಲಿ ಧರ್ಮದರ್ಶಿಗಳಾಗಿ ಹೆಸರು ಪಡೆದವರೂ ಹೆಂಗಸರೇ. ಗಂಡಸರು ವ್ಯಾಪಾರಕ್ಕೆ ಬಂದು ಹೋಗುವವರು, ಊರು ಮಾಡಿದವರು ಇವರು.

ಥಾಯ್ ದೇವಾಲಯದೊಳಗೆ 33 ಮೀಟರ್ ಉದ್ದದ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ. ಅಡಿಯ ಲೆಕ್ಕದಲ್ಲಿ 108. ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಎತ್ತರ 58 ಅಡಿ. ಆದರೆ ಅವನು ಒಂದೇ ಕಲ್ಲು, ನಿಂತವನು, ಇವನು ಗಾರೆಯವನು, ಮಲಗಿದವನು. ಹೋಲಿಕೆ ಸಲ್ಲದು. ಬುದ್ಧನ ಬೆನ್ನ ಹಿಂದೆ ಹೋಗಿ ನೋಡಿ ಎಂದು ಮಾತ್ರ ಹೇಳುತ್ತೇನೆ. ಅಲ್ಲಿ ಗೋಡೆಯ ಗೂಡುಗಳಲ್ಲಿ ಸತ್ತವರ ಬೂದಿಯ ಕರಂಡಗಳಿವೆ, ಎಷ್ಟೋ ಕರಂಡಗಳ ಮುಂದೆ ಚಿಕ್ಕ ಫೋಟೋ. ಮುಂಭಾಗದಲ್ಲಿ ಕ್ಯಾಮರಾ ಹಿಡಿದವರ ನೂಕುನುಗ್ಗಲು, ಹಿಂಭಾಗದಲ್ಲಿ ಯಾರೂ ಇಲ್ಲ.

ಈ ದಾನದ ನೆಲಕ್ಕೆ ಒಂದು ಕಹಿ ಅಧ್ಯಾಯವೂ ಸೇರಿತು. ಅದರಲ್ಲೊಂದು ಭಾಗದಲ್ಲಿದ್ದ ಕಾಂಪೊಂಗ್ ಸಿಯಾಮ್ ಎಂಬ ಪುಟ್ಟ ಹಳ್ಳಿಯಲ್ಲಿ ತಲೆಮಾರುಗಳಿಂದ ಥಾಯ್ ಮೂಲದ ಕುಟುಂಬಗಳು ವಾಸವಾಗಿದ್ದವು. 2010ರ ದಶಕದಲ್ಲಿ ಅಲ್ಲಿ ಹೊಸ ಕಟ್ಟಡಗಳು ಬರಲೆಂದು ಆ ಮನೆಗಳಿಗೆ ತೆರವಿನ ನೋಟೀಸು ಬಂದು ವ್ಯಾಜ್ಯ ಕೋರ್ಟು ಹತ್ತಿತು. 1845ರ ದಾನಪತ್ರವನ್ನು ಆಗ ಎಲ್ಲರೂ ಮತ್ತೆ ಓದಬೇಕಾಯಿತು. ದೇವರಿಗೆ ಕೊಟ್ಟ ನೆಲ ಯಾರದು, ದೇವರನ್ನು ಹಿಡಿದುಕೊಂಡು ಬದುಕಿದವರದಲ್ಲವೆ ಎಂಬುದು ಪ್ರಶ್ನೆ. ನಮ್ಮ ಕಡೆಯ ಇನಾಂ ಜಮೀನುಗಳ ಜಗಳ ಬಲ್ಲವರಿಗೆ ಇದು ಹೊಸದಲ್ಲ. ನಮ್ಮ ನಾಡೂ ಇಂಥ ನೆಲ ಕೊಟ್ಟಿದೆ ಎನ್ನುವುದು ನೆನಪಾಯಿತು. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಸರಕಾರ ಬೈಲುಕುಪ್ಪೆಯಲ್ಲಿ ಕೊಟ್ಟ ಕಾಡಿನಲ್ಲಿ ಟಿಬೆಟಿನಿಂದ ಓಡಿಬಂದವರು ಮೊದಲು ಜೋಳ ಬೆಳೆದರು, ಆಮೇಲೆ ಚಿನ್ನದ ಬುದ್ಧನನ್ನು ಕೂರಿಸಿದರು.

ಇನ್ನು ಕೆಕ್ ಲೋಕ್ ಸಿ. ಪಿನಾಂಗಿನ ಚಿತ್ರ ಎಂದರೆ ಇದರ ಪಗೋಡವೇ. ಆಯೆರ್ ಇತಾಮ್ ಎಂಬಲ್ಲಿ ಬೆಟ್ಟದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಕೊಂಡಿರುವ ಇದು ಮಲೇಷ್ಯಾದ ಅತಿ ದೊಡ್ಡ ಬೌದ್ಧ ದೇವಾಲಯ. ಹೆಸರಿನ ಅರ್ಥ ಪರಮ ಸುಖದ ಆಲಯ; ನಮ್ಮ ಗ್ರಂಥಗಳ ಮಾತಿನಲ್ಲಿ ಹೇಳುವುದಾದರೆ ಅಮಿತಾಭನ ಸುಖಾವತಿ. 1887ರಲ್ಲಿ ಚೀನಾದ ಫೂಜಿಯಾನ್ ಪ್ರಾಂತದ ಒಂದು ಮಠದಿಂದ ಬಿಯೋ ಲಿಯನ್ ಎಂಬ ಭಿಕ್ಷು ಇಲ್ಲಿಗೆ ಬಂದು ಪಿಟ್ ಬೀದಿಯ ಕುಆನ್ ಯಿನ್ ಗುಡಿಯ ಪ್ರಧಾನ ಅರ್ಚಕನಾದ. ಪೇಟೆಯ ಗದ್ದಲದಲ್ಲಿ ಧ್ಯಾನವೆಲ್ಲಿ? ಬೆಟ್ಟದ ಮೇಲೆ ಜಾಗ ಹುಡುಕಿದ. ಪೆನಾಂಗಿನ ಹಕ್ಕಾ ಧನಿಕರು ಹಣ ಸುರಿದರು. ಅವರಲ್ಲಿ ಚಿಯೋಂಗ್ ಫಾಟ್ ತ್ಸೆ ಎಂಬಾತ ಚೀನಾ ಸರಕಾರದ ಪ್ರತಿನಿಧಿಯಾಗಿ ಇಲ್ಲಿ ಕೆಲಸ ಮಾಡಿದವನು. ಅವನ ನೀಲಿ ಬಣ್ಣದ ಬಂಗಲೆ ಲೀತ್ ಬೀದಿಯಲ್ಲಿ ಇಂದಿಗೂ ಇದೆ. 1890ರ ಸುಮಾರಿಗೆ ಹಿಡಿದ ಕೆಲಸ 1905ಕ್ಕೆ ಒಂದು ಹಂತಕ್ಕೆ ಬಂತು. ಅಷ್ಟರಲ್ಲಿ ಭಿಕ್ಷು ಬೀಜಿಂಗಿನವರೆಗೆ ಹೋಗಿ, 1904ರಲ್ಲಿ ಗುವಾಂಗ್‌ಷು ಚಕ್ರವರ್ತಿಯಿಂದ ಫಲಕವನ್ನೂ ಬೌದ್ಧ ತ್ರಿಪಿಟಕದ ರಾಜಮುದ್ರಿತ ಪ್ರತಿಯನ್ನೂ ತಂದ. ಸಮುದ್ರ ದಾಟಿದ ಪ್ರಜೆಗಳನ್ನು ಒಂದು ಕಾಲಕ್ಕೆ ದೇಶಭ್ರಷ್ಟರೆಂದು ತಲೆದಂಡ ಕೇಳುತ್ತಿದ್ದ ರಾಜವಂಶ, ಈಗ ಅವರ ಹಣ ಬೇಕಾದಾಗ ಪುಸ್ತಕ ಕೊಟ್ಟಿತು ಎಂದು ನಾನು ಹೇಳಿದರೆ ಸ್ವಲ್ಪ ಕಟುವಾದೀತು. ಸುಳ್ಳೇನೂ ಅಲ್ಲ.

ಪಗೋಡ ಮುಗಿದದ್ದು 1930ರಲ್ಲಿ. ಏಳು ಅಂತಸ್ತು, ಸುಮಾರು 30 ಮೀಟರ್ ಎತ್ತರ. ಅಡಿಪಾಯದ ಕಲ್ಲಿಟ್ಟವನು ಸಿಯಾಮಿನ ಅರಸು ಆರನೆಯ ರಾಮ. ಕೆಳಗೆ ಚೀನಾ ಶೈಲಿಯ ಎಂಟು ಮೂಲೆಯ ಕಟ್ಟು, ನಡುವೆ ಥಾಯ್ ಶೈಲಿ, ತುದಿಗೆ ಬರ್ಮಾದ ಕಿರೀಟ. ವಾಸ್ತುಶಿಲ್ಪಿಗಳು ಇದನ್ನು ಕಲಬೆರಕೆ ಎನ್ನಬಹುದು. ಊರಿನ ಬೀದಿ ನೋಡಿ ಬಂದವರಿಗೆ ಹಾಗನ್ನಿಸುವುದಿಲ್ಲ. ಮಹಾಯಾನದವರೂ ಥೇರವಾದದವರೂ ಒಂದೇ ಗೋಪುರ ಹಂಚಿಕೊಂಡ ಬೇರೆ ನಿದರ್ಶನ ನಾನು ಕಂಡಿಲ್ಲ. ಇನ್ನೂ ಮೇಲಕ್ಕೆ 2002ರಲ್ಲಿ ನಿಂತ 30.2 ಮೀಟರಿನ ಕಂಚಿನ ಕುಆನ್ ಯಿನ್ ಇದ್ದಾಳೆ, ಮೇಲೊಂದು ಭಾರಿ ಮಂಟಪ. ಹಿಂದಿದ್ದ ಗಾರೆಯ ಪ್ರತಿಮೆ ಬೆಂಕಿಗೆ ಹಾಳಾದ ಕಾರಣ ಇದನ್ನು ಮಾಡಿಸಿದರು. ಬೆಂಕಿಯ ಕಾಟ ಅಲ್ಲಿಗೇ ಮುಗಿಯಲಿಲ್ಲ. 2021ರ ಅಕ್ಟೋಬರಿನಲ್ಲಿ ಆವರಣದ ಇನ್ನೊಂದು ಕಟ್ಟಡ ಸುಟ್ಟಿತು. ಪಗೋಡ ಉಳಿಯಿತು.

ನಾನು ನೋಡಬೇಕೆಂದು ಹೋದದ್ದು ಇದ್ಯಾವುದನ್ನೂ ಅಲ್ಲ, ಒಂದು ಬಂಡೆಯನ್ನು. 1898ರಲ್ಲಿ ಕಾಂಗ್ ಯೂವೇ ಎಂಬ ವಿದ್ವಾಂಸ ಯುವ ಚಕ್ರವರ್ತಿಯನ್ನು ಒಪ್ಪಿಸಿ ಚೀನಾವನ್ನು ನೂರು ದಿನಗಳಲ್ಲಿ ಸುಧಾರಿಸಲು ಹೊರಟಿದ್ದ. ರಾಜಮಾತೆ ಸಿಷಿ ಚಕ್ರವರ್ತಿಯನ್ನೇ ಸೆರೆಯಲ್ಲಿಟ್ಟಳು. ಕಾಂಗ್‌ನ ತಲೆಗೆ ಬೆಲೆ ಕಟ್ಟಿದಳು. ಅವನು ದೇಶಾಂತರ ಓಡಿ 1900ರಲ್ಲಿ ಪಿನಾಂಗಿಗೆ ಬಂದು ಇಂಗ್ಲಿಷರ ಆಶ್ರಯದಲ್ಲಿದ್ದ. ಇಲ್ಲಿಂದ ಮುಂದೆ ನಮ್ಮ ಡಾರ್ಜಿಲಿಂಗಿಗೂ ಹೋಗಿ ನೆಲೆಸಿದ್ದ. ಕೆಕ್ ಲೋಕ್ ಸಿಯ ಆವರಣದ ಬಂಡೆಯೊಂದರ ಮೇಲೆ ಅವನ ಕೈಬರಹದ ನಾಲ್ಕು ದೊಡ್ಡ ಚೀನೀ ಅಕ್ಷರಗಳನ್ನು ಕಡೆದಿದ್ದಾರೆ. ಅರ್ಥ: ಹಳೆಯ ನಾಡನ್ನು ಮರೆಯಬೇಡ.

ಬರೆದವನು ಯಾವ ಆಸ್ಥಾನದಿಂದ ಓಡಿಬಂದನೋ ಅದೇ ಆಸ್ಥಾನದ ಫಲಕ ಅದೇ ದೇವಾಲಯದಲ್ಲಿದೆ. ಕಾಂಗ್ ಚಕ್ರವರ್ತಿ ಉಳಿಯಲಿ ಎಂದವನು. 1910ರಲ್ಲಿ ಇದೇ ಊರಿನ ಆರ್ಮೇನಿಯನ್ ಬೀದಿಯಲ್ಲಿ ಕುಳಿತು ಸುನ್ ಯಾತ್-ಸೆನ್ ಆ ಚಕ್ರಾಧಿಪತ್ಯವನ್ನೇ ಕಿತ್ತೊಗೆಯುವ ಯೋಜನೆ ಹಾಕಿದ. ಮುಂದಿನ ವರ್ಷ ಕ್ರಾಂತಿಯಾಯಿತು. ಹೀಗೆ ಇಬ್ಬರೂ ನೆನೆದ ‘ಹಳೆಯ ನಾಡು’ ಒಂದೇ ಆಗಿರಲಿಲ್ಲ. ಬಂಡೆಯ ಮುಂದೆ ನಿಂತಿದ್ದ ಶಾಲೆಯ ಹುಡುಗರು ಆ ಅಕ್ಷರಗಳನ್ನು ಓದಿ, ತಮ್ಮೊಳಗೆ ಮಲಯ, ಹೊಕ್ಕಿಯನ್, ಇಂಗ್ಲಿಷ್ ಬೆರೆಸಿ ಮಾತನಾಡಿಕೊಂಡು ಮುಂದೆ ಹೋದರು. ನನ್ನ ಮಗಳು ಏನು ಬರೆದಿದೆ ಎಂದು ಕೇಳಿದಳು. ಹೇಳಿದೆ. “ಯಾವ ನಾಡು ಅಪ್ಪಾ, ಇದಾ?” ಎಂದಳು. ಅವಳು ಹುಟ್ಟಿದ್ದು ಸಿಂಗಪುರದಲ್ಲಿ. ನನಗಿಂತ ಮುಂಚೆ ಅಜ್ಜಿ ಉತ್ತರ ಕೊಟ್ಟರು. ಉತ್ತರ ಉದ್ದವಾಗಿತ್ತು, ನಮ್ಮೂರಿನ ಕೆರೆ, ತೋಟ, ಮಾರಮ್ಮನ ಜಾತ್ರೆ ಎಲ್ಲ ಅದರಲ್ಲಿ ಬಂತು. ಮೆಟ್ಟಿಲು ಇಳಿದು ಆಮೆಗಳ ಕೊಳದವರೆಗೆ ಬಂದರೂ ಮುಗಿದಿರಲಿಲ್ಲ.