ಹೂವಿನ ಬೆಲೆಯಿಂದ ಶುರುವಾದ ಹುಡುಕಾಟ

ಹಬ್ಬದ ದಿನ ಹೂವಿಗೆ ಬೇಡಿಕೆ ಹೆಚ್ಚು. ಮಾರುವವರು ಬೆಲೆ ಏರಿಸುತ್ತಾರೆ. ಹಾಗೆ ಏರಿಸುವುದು ನ್ಯಾಯವೇ?

1990ರಲ್ಲಿ ಮಾಸ್ಕೋ ಮತ್ತು ನ್ಯೂಯಾರ್ಕ್ ನಗರಗಳ ಜನರಿಗೆ ಫೋನ್ ಮಾಡಿ ಈ ಪ್ರಶ್ನೆ ಕೇಳಿದರು. ಕೇಳಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್, ಸೋವಿಯತ್ ಒಕ್ಕೂಟದ ಮ್ಯಾಕ್ಸಿಂ ಬೊಯ್ಕೊ ಮತ್ತು ವ್ಲಾದಿಮಿರ್ ಕೊರೊಬೊವ್. ಮಾರ್ಚ್ 8ರ ಮಹಿಳಾ ದಿನ ಹೂ ಕೊಡುವುದು ಮಾಸ್ಕೋದಲ್ಲಿ ತಪ್ಪಿಸಲಾಗದ ಪದ್ಧತಿ; ಆ ದಿನದ ಬೆಲೆಯ ಬಿಸಿ ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ನ್ಯಾಯವೆಂದವರು ನೂರಕ್ಕೆ 34 ಮಂದಿ. ವಾಲ್ ಸ್ಟ್ರೀಟ್ ಇರುವ ನ್ಯೂಯಾರ್ಕ್‌ನಲ್ಲಿ 32.

ಕಮ್ಯುನಿಸ್ಟ್ ಆಳ್ವಿಕೆಯನ್ನು ಕಂಡವರು ಮಾರುಕಟ್ಟೆಯನ್ನು, ಪೈಪೋಟಿಯನ್ನು ಹೇಗೆ ನೋಡುತ್ತಾರೆ ಎಂಬ ಅಧ್ಯಯನಕ್ಕೆ ಗಟ್ಟಿ ಬುನಾದಿ ಬಿದ್ದದ್ದು ಇಲ್ಲೇ ಎಂಬುದು ನನ್ನ ಎಣಿಕೆ. ಅಲ್ಲಿಯವರೆಗೆ ಚಲಾವಣೆಯಲ್ಲಿದ್ದದ್ದು 'ಸೋವಿಯತ್ ಮನುಷ್ಯ' ಎಂಬ ಕಲ್ಪನೆ. 1989ರಲ್ಲಿ ಸಮಾಜಶಾಸ್ತ್ರಜ್ಞ ಯೂರಿ ಲೆವಾದಾ ಅವರ ತಂಡ ದೊಡ್ಡ ಸಮೀಕ್ಷೆ ನಡೆಸಿ ಅವನ ಚಹರೆ ಗುರುತಿಸಲು ಹೊರಟಿತು. ಸರ್ಕಾರವೇ ಹೆತ್ತವರಂತೆ ನೋಡಿಕೊಳ್ಳಲಿ ಎನ್ನುವವನು, ಪಕ್ಕದವನು ತನಗಿಂತ ಮೇಲೇರುವುದನ್ನು ಸಹಿಸದವನು ಎಂಬ ಚಿತ್ರ ಮೂಡಿತು. ಹಳೆಯ ತಲೆಮಾರಿನ ಜೊತೆಗೇ ಈ ಮನುಷ್ಯನೂ ಮರೆಯಾಗುತ್ತಾನೆ ಎಂದು ಲೆವಾದಾ ಮೊದಲು ನಂಬಿದ್ದರು. ಮುಂದಿನ ಸುತ್ತಿನ ಸಮೀಕ್ಷೆಗಳು ಆ ನಂಬಿಕೆಯನ್ನು ಉಳಿಸಲಿಲ್ಲ.

ಆ ಜನ ಬದುಕಿದ್ದ ವ್ಯವಸ್ಥೆಯನ್ನೂ ನೋಡಬೇಕು. ಹಂಗೆರಿಯ ಯಾನೋಶ್ ಕೊರ್ನೈ 1980ರಲ್ಲೇ ಅದನ್ನು ಕೊರತೆಯ ಅರ್ಥವ್ಯವಸ್ಥೆ ಎಂದು ವಿವರಿಸಿದ್ದರು. ಅಂಗಡಿಯಲ್ಲಿ ಬೆಲೆ ಅಗ್ಗ, ಆದರೆ ಸಾಮಾನು ಇಲ್ಲ. ಆದ್ದರಿಂದ ಕ್ಯೂ. ಕ್ಯೂ ತಪ್ಪಿಸಬೇಕಾದರೆ 'ಬ್ಲಾತ್', ನಮ್ಮ ಮಾತಿನಲ್ಲಿ ವಶೀಲಿ. ಲಾಭಕ್ಕಾಗಿ ಕೊಂಡು ಮಾರುವುದು ರಷ್ಯಾದ 1960ರ ದಂಡಸಂಹಿತೆಯ 154ನೇ ವಿಧಿಯಂತೆ ಅಪರಾಧ. ಸರ್ಕಾರಿ ಅಂಗಡಿ ಖಾಲಿಯಿದ್ದರೂ ಕೊಲ್ಖೋಜ್ (ಸಾಮೂಹಿಕ ಬೇಸಾಯ) ಸಂತೆಯಲ್ಲಿ ರೈತರು ತಮ್ಮ ಹಿತ್ತಲಿನ ತರಕಾರಿಯನ್ನು ತಾವೇ ಹೇಳಿದ ಬೆಲೆಗೆ ಮಾರುತ್ತಿದ್ದರು. ಅಂದರೆ ಅಲ್ಲಿನವರು ಪೈಪೋಟಿ ಅರಿಯದವರಲ್ಲ. ಅವರ ಪೈಪೋಟಿ ಹೆಚ್ಚಾಗಿ ದುಡ್ಡಿನಿಂದ ನಡೆಯುತ್ತಿರಲಿಲ್ಲ; ಪರಿಚಯದಿಂದ, ಕಾಯುವ ತಾಳ್ಮೆಯಿಂದ ನಡೆಯುತ್ತಿತ್ತು. ಈ ಕ್ಷೇತ್ರದ ಅರ್ಧ ತಪ್ಪು ತಿಳಿವಳಿಕೆ ಹುಟ್ಟಿದ್ದು ಇಷ್ಟನ್ನು ಮರೆತದ್ದರಿಂದ.

ಶಿಲ್ಲರ್ ತಂಡ 1992ರಲ್ಲಿ ರಷ್ಯಾ, ಉಕ್ರೇನ್, ಪೂರ್ವ ಜರ್ಮನಿಗಳನ್ನು ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿಗಳ ಪಕ್ಕದಲ್ಲಿಟ್ಟು ನೋಡಿತು. ಜನರ ನಡೆಗೆ ಕಾರಣ ಅವರ ಸ್ವಭಾವಕ್ಕಿಂತ ಹೆಚ್ಚಾಗಿ ಅವರಿರುವ ಪರಿಸ್ಥಿತಿ ಎಂಬುದು ಅದರ ವಾದ. ಅದೇ ವರ್ಷ ಜನವರಿ 2ರಂದು ರಷ್ಯಾದಲ್ಲಿ ಬೆಲೆಗಳ ಮೇಲಿನ ಹಿಡಿತ ಸಡಿಲಿಸಿದರು. ವರ್ಷ ಮುಗಿಯುವಷ್ಟರಲ್ಲಿ ಬೆಲೆಗಳು ಸುಮಾರು 26 ಪಟ್ಟಾಗಿದ್ದವು; ಬ್ಯಾಂಕಿನಲ್ಲಿಟ್ಟ ಜೀವಮಾನದ ಉಳಿತಾಯ ಕರಗಿಹೋಯಿತು. ಅಕ್ಟೋಬರಿನಿಂದ ಪ್ರತಿಯೊಬ್ಬರ ಕೈಗೂ 10,000 ರೂಬಲ್ ಮುಖಬೆಲೆಯ ಖಾಸಗೀಕರಣದ ವೋಚರ್ ಬಂತು. ಎಷ್ಟೋ ಮಂದಿ ಅದನ್ನು ಸಿಕ್ಕಷ್ಟಕ್ಕೆ ಮಾರಿಬಿಟ್ಟರು. 1995ರಲ್ಲಿ ಸರ್ಕಾರ ಸಾಲಕ್ಕಾಗಿ ಷೇರು ಒತ್ತೆಯಿಟ್ಟ 'ಸಾಲಕ್ಕೆ ಷೇರು' ಹರಾಜಿನಲ್ಲಿ ಗಣಿ ಕಂಪನಿ ನೊರಿಲ್ಸ್ಕ್ ನಿಕ್ಕೆಲ್‌ನ ಶೇ 38ರ ಪಾಲು ಸುಮಾರು 17 ಕೋಟಿ ಡಾಲರ್‌ಗೆ ಹೋಯಿತು. ಹರಾಜು ನಡೆಸಿದ ಬ್ಯಾಂಕಿನ ಕಡೆಯವರಿಗೇ ಅದು ದಕ್ಕಿತು. ಇದನ್ನೆಲ್ಲ ಕಣ್ಣಾರೆ ಕಂಡವರು ಮಾರುಕಟ್ಟೆಯೆಂದರೆ ಮುಖ ಸಿಂಡರಿಸಿದರೆ ಅದಕ್ಕೆ ಲೆನಿನ್ ಬೋಧನೆಯೇ ಕಾರಣ ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಹಳೆಯ ಬೋಧನೆ, ಹೊಸ ಪೆಟ್ಟು ಇವೆರಡನ್ನೂ ಬೇರ್ಪಡಿಸಿ ನೋಡಲು ಸಂಶೋಧಕರಿಗೆ ಸಿಕ್ಕಿದ ನೆಲ ಜರ್ಮನಿ. ಒಂದೇ ಭಾಷೆ, ಒಂದೇ ಚರಿತ್ರೆ, ನಡುವೆ ನಲವತ್ತು ವರ್ಷದ ಗೆರೆ. ಆಕ್ಸೆಲ್ ಒಕೆನ್‌ಫೆಲ್ಸ್ ಮತ್ತು ಯೋಆಕಿಂ ವೈಮಾನ್ ಅವರು ಪೂರ್ವದ ಮಾಗ್ಡೆಬುರ್ಗ್ ಮತ್ತು ಪಶ್ಚಿಮದ ಬಾನ್ ವಿದ್ಯಾರ್ಥಿಗಳನ್ನು ಮೂರು ಮೂರು ಜನರ ಗುಂಪು ಮಾಡಿ ಆಟ ಆಡಿಸಿದರು. ಅದೃಷ್ಟ ಒಲಿದವರಿಗೆ 10 ಮಾರ್ಕ್, ಒಲಿಯದವರಿಗೆ ಏನೂ ಇಲ್ಲ. ಗೆದ್ದರೆ ಸೋತವರಿಗೆ ಎಷ್ಟು ಕೊಡುತ್ತೀರಿ ಎಂಬುದನ್ನು ಮೊದಲೇ ಹೇಳಬೇಕು. ಸಮಾಜವಾದದಲ್ಲಿ ಬೆಳೆದವರು ಹೆಚ್ಚು ಕೊಟ್ಟಾರು ಎಂದು ಯಾರಾದರೂ ಎಣಿಸುತ್ತಾರೆ. 1999ರಲ್ಲಿ ಪ್ರಕಟವಾದ ಫಲಿತಾಂಶ ಅದಕ್ಕೆ ತದ್ವಿರುದ್ಧ: ಪೂರ್ವದವರು ಕೊಟ್ಟದ್ದು ಕಡಿಮೆ. ದೇಶ ಒಂದಾಗಿ ಇಪ್ಪತ್ತು ವರ್ಷವಾದ ಮೇಲೆ ಮತ್ತೆ ಆಡಿಸಿದಾಗಲೂ ಆ ಅಂತರ ಮುಚ್ಚಿರಲಿಲ್ಲ.

ನಿರುದ್ಯೋಗಿಗಳನ್ನು, ವಯಸ್ಸಾದವರನ್ನು, ಕಾಯಿಲೆಯವರನ್ನು ಯಾರು ನೋಡಿಕೊಳ್ಳಬೇಕು, ಸರ್ಕಾರವೋ ಅವರವರೋ? 1997 ಮತ್ತು 2002ರ ಜರ್ಮನ್ ಸಮೀಕ್ಷೆಗಳಲ್ಲಿ ಈ ಪ್ರಶ್ನೆಗೆ ಬಂದ ಉತ್ತರಗಳನ್ನು ಅಲ್ಬೆರ್ಟೊ ಅಲೆಸಿನಾ ಮತ್ತು ನಿಕೊಲಾ ಫುಕ್ಸ್-ಶುಂಡೆಲ್ನ್ ಜಾಲಾಡಿದರು. ಪೂರ್ವದವರು ಸರ್ಕಾರದತ್ತ ಕೈ ತೋರಿಸಿದ್ದರು, ಅದರಲ್ಲೂ ವಯಸ್ಸಾದವರು. ಈ ವ್ಯತ್ಯಾಸ ಅಳಿಯಲು ಒಂದೆರಡು ತಲೆಮಾರೇ ಬೇಕಾದೀತು ಎಂಬುದು ಅವರ 2007ರ ಲೇಖನದ ಲೆಕ್ಕ. ಇದು ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಬರಹಗಳಲ್ಲೊಂದು.

ಆದರೆ ಗೆರೆ ಎಳೆಯುವ ಮೊದಲು ಎರಡೂ ಕಡೆಯವರು ಒಂದೇ ಥರ ಇದ್ದರೇ? ಸಾಶಾ ಬೆಕರ್, ಲೂಕಾಸ್ ಮರ್ಗೆಲೆ, ಲುಡ್ಗರ್ ವೋಸ್‌ಮಾನ್ 2020ರಲ್ಲಿ ಈ ಪ್ರಶ್ನೆ ಎತ್ತಿದರು. ಎರಡನೇ ಮಹಾಯುದ್ಧಕ್ಕೂ ಮೊದಲೇ ಪೂರ್ವದಲ್ಲಿ ಕಾರ್ಮಿಕರ ಪಾಲು ಹೆಚ್ಚಿತ್ತು. 1961ರಲ್ಲಿ ಬರ್ಲಿನ್ ಗೋಡೆ ಏಳುವ ಮುನ್ನ ಐದರಲ್ಲೊಂದು ಪಾಲು ಜನ ಪಶ್ಚಿಮಕ್ಕೆ ಹೋಗಿಯಾಗಿತ್ತು. ಹೋದವರು ಯಾರು, ಉಳಿದವರು ಯಾರು ಎಂದು ಕೇಳದೆ ಎಲ್ಲವನ್ನೂ ಕಮ್ಯುನಿಸಂ ಖಾತೆಗೆ ಬರೆಯುವಂತಿಲ್ಲ. ಈ ಎಚ್ಚರ ಬೇಕೇ ಬೇಕಿತ್ತು.

ಇತ್ತೀಚಿನ ಕೆಲಸಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಶೋಧಕರಾದ ಲೌಡನ್‌ಬಾಕ್, ಮಾಲ್ಮೆಂಡಿಯರ್, ನೀಸನ್-ರುಂಜಿ ಅವರದು. ಪೂರ್ವ ಜರ್ಮನರು ಷೇರುಪೇಟೆಗೆ ಕಾಲಿಡುವುದು ಕಡಿಮೆ, ಆದರೆ ಎಲ್ಲರೂ ಒಂದೇ ಸಮ ಅಲ್ಲ. ಆಳ್ವಿಕೆ ಮುದ್ದಿನಿಂದ ಬೆಳೆಸಿದ ಮಾದರಿ ನಗರಗಳಲ್ಲಿ ಇದ್ದವರ ಹಿಂಜರಿಕೆ ಹೆಚ್ಚು. ಧರ್ಮದ ಕಾರಣಕ್ಕೆ ಕಿರುಕುಳ ಉಂಡವರ, ಕಾರ್ಖಾನೆ ಹೊಗೆಯಲ್ಲಿ ಉಸಿರಾಡಿದವರ ಹಿಂಜರಿಕೆ ಕಡಿಮೆ. ಮನಸ್ಸಿನಲ್ಲಿ ಉಳಿದದ್ದು ಸಿದ್ಧಾಂತದ ಪಾಠವಷ್ಟೇ ಅಲ್ಲ, ಆ ದಿನಗಳ ಸವಿ ಅಥವಾ ಕಹಿ ನೆನಪು.

ಪೈಪೋಟಿಯ ವಿಷಯದಲ್ಲಿ ಚೀನಾ ಇನ್ನೂ ಬೇರೆಯೇ ಕಥೆ ಹೇಳುತ್ತದೆ. ಆಲಿಸನ್ ಬೂತ್ ಮತ್ತು ಸಂಗಡಿಗರು ಬೀಜಿಂಗ್ ಮತ್ತು ಕಮ್ಯುನಿಸ್ಟ್ ಆಳ್ವಿಕೆ ಕಾಣದ ತೈಪೆಯ ಜನರನ್ನು ಪ್ರಯೋಗದಲ್ಲಿ ಹೋಲಿಸಿದಾಗ, ಮಾವೋ ಕಾಲದಲ್ಲಿ ಬೆಳೆದ, 1958ರಲ್ಲಿ ಹುಟ್ಟಿದ ಬೀಜಿಂಗ್ ಹೆಂಗಸರು ಅದೇ ವಯಸ್ಸಿನ ತೈಪೆಯ ಹೆಂಗಸರಿಗಿಂತ ಮುಂದೆ ಬಂದು ಸ್ಪರ್ಧೆಗಿಳಿದರು. ಹೆಣ್ಣುಮಕ್ಕಳೂ ಗಂಡಸರಿಗೆ ಸಮ ಎಂದು ಶಾಲೆಯಲ್ಲಿ, ಕಾರ್ಖಾನೆಯಲ್ಲಿ ಹಗಲಿರುಳು ಕೇಳಿ ಬೆಳೆದವರು ಅವರು. ಕಮ್ಯುನಿಸಂ ಪೈಪೋಟಿಯ ಹುಮ್ಮಸ್ಸನ್ನು ಹೊಸಕಿಹಾಕುತ್ತದೆ ಎಂಬ ಸಿದ್ಧ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಳೆಯ ಕಮ್ಯುನಿಸ್ಟ್ ಪ್ರದೇಶದ 28 ದೇಶಗಳ 28,000 ಜನರನ್ನು 2006ರಲ್ಲಿ ಮಾತಾಡಿಸಿದ ಸಮೀಕ್ಷೆಯನ್ನು ಇಟ್ಟುಕೊಂಡು ಐರಿನಾ ಡೆನಿಸೊವಾ ಮತ್ತು ಜೊತೆಗಾರರು ಖಾಸಗೀಕರಣದ ಮೇಲಿನ ಸಿಟ್ಟನ್ನು ಎರಡಾಗಿ ಸೀಳಿದರು. ಖಾಸಗಿ ಒಡೆತನವೇ ಬೇಡ ಎನ್ನುವುದು ಒಂದು. ಒಡೆತನ ಇರಲಿ, ಅದು ಕೈ ಬದಲಾಯಿಸಿದ ರೀತಿ ಸರಿಯಿಲ್ಲ ಎನ್ನುವುದು ಇನ್ನೊಂದು. ಈ ಎರಡನ್ನು ಒಂದೇ ಎಂದುಕೊಂಡದ್ದರಿಂದಲೇ ಎಷ್ಟೋ ಸುಧಾರಕರಿಗೆ ತಮ್ಮ ಜನರ ಮಾತು ಕೇಳಿಸಲಿಲ್ಲ ಎಂದು ನನಗನ್ನಿಸುತ್ತದೆ.

ಕಾಲು ಶತಮಾನದ ನಂತರ ಬೊಯ್ಕೊ ಮತ್ತು ಶಿಲ್ಲರ್ ಮತ್ತೆ ಮಾಸ್ಕೋಗೂ ನ್ಯೂಯಾರ್ಕ್‌ಗೂ ಅದೇ ಪ್ರಶ್ನೆಪತ್ರಿಕೆ ಹಿಡಿದು ಹೋದರು. ನಡುವೆ ಒಂದು ದೇಶ ಅಳಿದು ಹಲವು ದೇಶಗಳಾಗಿದ್ದವು. ಬೊಯ್ಕೊ ಸ್ವತಃ ರಷ್ಯಾದ ಖಾಸಗೀಕರಣದಲ್ಲಿ ದುಡಿದಿದ್ದರು. 2016ರಲ್ಲಿ ಅವರು ಪ್ರಕಟಿಸಿದ ವರದಿಯಂತೆ ಎರಡು ಊರುಗಳ ಉತ್ತರಗಳಲ್ಲಿ ಅಲ್ಲಲ್ಲಿ ಭೇದವಿದ್ದರೂ ಬಹುಪಾಲು ಭೇದಗಳು ದೊಡ್ಡವಲ್ಲ.